ಹರಾಜಿನ ಹಣ ಮುಂಗಾರಿನವರೆಗೆ ಉಳಿಯಬೇಕು

ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಗಳು ತೆರೆಯುವ ದಿನಗಳು ಬಂದಿವೆ. ಕಂಪಲಾಪುರ, ಕಗ್ಗುಂಡಿ, ಚಿಲ್ಕುಂದ, ಕಟ್ಟೆಮಳಲವಾಡಿ, ಹೆಗ್ಗಡದೇವನಕೋಟೆಗಳ ಕಡೆಗೆ ಬೇಲು ಹೊತ್ತ ಗಾಡಿಗಳು ಸಾಲುಗಟ್ಟಿ ಹೊರಡಲಿವೆ. ಇನ್ನು ನಾಲ್ಕೈದು ತಿಂಗಳು ನಮ್ಮ ಸೀಮೆಯ ಪೇಟೆಗಳಲ್ಲಿ ಹಣ ಓಡಾಡುತ್ತದೆ. ಬಟ್ಟೆ ಅಂಗಡಿ, ಚಿನ್ನದ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಏಪ್ರಿಲ್ ಬಂದಿತೆಂದರೆ, ಜನವರಿಯಲ್ಲಿ ಕೊಂಡ ಅದೇ ಓಲೆ, ಅದೇ ಸರ ಗಿರವಿ ಅಂಗಡಿಯ ದಾರಿ ಹಿಡಿಯುತ್ತದೆ. ಇದು ಒಬ್ಬಿಬ್ಬರ ಮನೆಯ ಮಾತಲ್ಲ. ಆದ್ದರಿಂದ ಹಣ ಕೈಗೆ ಬರುವ ಮೊದಲೇ, ಈ ವಾರ, ಅದರ ವಿಚಾರ ಮಾತನಾಡುವುದು ಒಳ್ಳೆಯದು.

ಕಳೆದ ಬೇಸಿಗೆಯಲ್ಲಿ ಸಸಿಮಡಿಯ ರೋಗದ ಬಗ್ಗೆ ಹೇಳಲು ಕೊಪ್ಪಕ್ಕೆ ಹೋಗಿದ್ದೆ. ಸಭೆ ಮುಗಿದ ಮೇಲೆ ವಯಸ್ಸಾದ ರೈತರೊಬ್ಬರು ಪಕ್ಕಕ್ಕೆ ಕರೆದರು. "ಸಾಹೇಬ್ರೆ, ಸಸಿ ರೋಗಕ್ಕೆ ಔಷ್ದಿ ಹೇಳಿದ್ರಿ, ಸಂತೋಸ. ನಮ್ಮನೆ ರೋಗ ಬೇರೆ ಅದೆ. ಹೋದ್ಸಲ ಸೊಪ್ಪಿಗೆ ಒಳ್ಳೆ ರೇಟೇ ಸಿಕ್ತು. ಆದ್ರೂ ಈಗ ಗೊಬ್ಬರಕ್ಕೆ ಕೈಲಿ ಕಾಸಿಲ್ಲ. ಎಲ್ಲೋಯ್ತು ಅಂದ್ರೆ ನಂಗೇ ಗೊತ್ತಿಲ್ಲ" ಎಂದರು. "ಲೆಕ್ಕ ಬರೆದಿಡಬೇಕು, ಯಜಮಾನ್ರೆ" ಎಂದೆ. ಅವರು ನಕ್ಕುಬಿಟ್ಟರು. "ನಿಮ್ಗೇನು ಬುಡಿ, ತಿಂಗ್ಳಿಗೊಂದು ಬೆಳೆ. ನಮ್ಗೆ ವರ್ಸಕ್ಕೊಂದು" ಎಂದರು.

ಆ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ತಿಂಗಳಿಗೊಂದು ಬೆಳೆ ಬರುತ್ತಿದ್ದ ನಾನೂ ಕೆಲಸಕ್ಕೆ ಸೇರಿದ ಮೊದಲ ಏಳೆಂಟು ವರ್ಷ ಇದೇ ಪಾಡು ಪಟ್ಟವನೇ. ಸಂಬಳ ಬಂದ ಐದನೆಯ ದಿನಕ್ಕೆ ಹಿಂದಿನ ತಿಂಗಳ ದಿನಸಿ ಸಾಲ ತೀರುತ್ತಿತ್ತು. ಇಪ್ಪತ್ತನೆಯ ತಾರೀಖಿಗೆ ಜೇಬು ಬರಿದಾಗುತ್ತಿತ್ತು. ಮತ್ತೆ ಅದೇ ಅಂಗಡಿ, ಅದೇ ಪುಸ್ತಕ. ಸಂಬಳ ಏರಿದರೂ ಸ್ಥಿತಿ ಬದಲಾಗಲಿಲ್ಲ. ಪುಸ್ತಕದಲ್ಲಿ ಬರೆಸುವ ಮೊತ್ತವೂ ಏರಿತು, ಅಷ್ಟೆ. ಒಂದು ವರ್ಷ ನಮ್ಮ ಮನೆಯವರು ಹಟ ಹಿಡಿದು, ತಿಂಗಳಿಗಿಷ್ಟು ಎಂದು ಎತ್ತಿಟ್ಟು, ಒಂದು ತಿಂಗಳ ದಿನಸಿಯ ಹಣವನ್ನು ಮುಂಗಡವಾಗಿ ಕೂಡಿಸಿದರು. ಅಂದಿನಿಂದ ಈ ತಿಂಗಳ ಸಂಬಳದಲ್ಲಿ ಮುಂದಿನ ತಿಂಗಳು ಉಣ್ಣುತ್ತಿದ್ದೇವೆ. ಆದಾಯ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ, ಆದರೆ ಸಾಲದ ಪುಸ್ತಕ ಮುಚ್ಚಿತು.

ರೈತನಿಗೂ ಬೇಕಾದದ್ದು ಇದೇ. ಸಂಬಳದವನು ಒಂದು ತಿಂಗಳು ಮುಂದಿರಬೇಕು. ಹೊಗೆಸೊಪ್ಪು ಬೆಳೆಯುವವನು ಒಂದು ಹಂಗಾಮು ಮುಂದಿರಬೇಕು. ಕೆಲಸ ಕಷ್ಟದ್ದು, ಆದರೆ ಆಗದ್ದಲ್ಲ.

ಹಣ ಬರುವ ಕಾಲ, ಹೋಗುವ ಕಾಲ

ನಮ್ಮ ಬೆಳೆಯ ಪಂಚಾಂಗವನ್ನು ಒಮ್ಮೆ ನೋಡೋಣ. ಫೆಬ್ರುವರಿ-ಮಾರ್ಚಿಯಲ್ಲಿ ಸಸಿಮಡಿ. ಮುಂಗಾರು ಮಳೆ ಬಿದ್ದೊಡನೆ ಮೇ-ಜೂನಿನಲ್ಲಿ ನಾಟಿ. ಗೊಬ್ಬರ, ಕಳೆ, ಕುಡಿ ಮುರಿಯುವುದು. ಜುಲೈಯಿಂದ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನಲ್ಲಿ ಹದ ಮಾಡುವುದು. ಸೌದೆಯ ಖರ್ಚು, ಆಳಿನ ಖರ್ಚು ಏರುವುದು ಆಗಲೇ. ಮಕ್ಕಳ ಶಾಲೆಯ ಶುಲ್ಕ, ಪುಸ್ತಕ ಬರುವುದೂ ಅದೇ ಜೂನ್ ತಿಂಗಳಲ್ಲಿ. ಅದರ ಹಿಂದೆಯೇ ಗೌರಿ-ಗಣೇಶ ಹಬ್ಬ. ಇಷ್ಟೆಲ್ಲ ಮುಗಿದ ಮೇಲೆ ಹರಾಜು. ಅಂದರೆ ವರ್ಷದಲ್ಲಿ ಏಳು ತಿಂಗಳು ಹಣ ಹೊರಗೆ ಹೋಗುತ್ತದೆ, ಐದು ತಿಂಗಳು ಒಳಗೆ ಬರುತ್ತದೆ. ನಡುವಿನ ಈ ಏಳು ತಿಂಗಳ ಕಂದಕವನ್ನು ಯಾವುದರಿಂದ ತುಂಬುತ್ತೇವೆ ಎಂಬುದರ ಮೇಲೆ ಮನೆಯ ಹಣೆಬರಹ ನಿಂತಿದೆ.

ತಿಳಿಯಲೆಂದು ಒಂದು ಮಾದರಿ ಲೆಕ್ಕ ಹಾಕುತ್ತೇನೆ. ಇದು ಯಾರೊಬ್ಬರ ಮನೆಯ ಲೆಕ್ಕವೂ ಅಲ್ಲ. ತಾವು ತಮ್ಮ ಅಂಕಿಗಳನ್ನು ಹಾಕಿಕೊಂಡು ನೋಡಬೇಕು.

ಒಂದು ಬ್ಯಾರನ್ ಇರುವ ಕುಟುಂಬ 1,600 ಕಿಲೋ ಸೊಪ್ಪು ಮಾರಿತು ಎನ್ನೋಣ. ಸರಾಸರಿ ಕಿಲೋಗೆ 230 ರೂಪಾಯಿ ಸಿಕ್ಕರೆ ಒಟ್ಟು 3,68,000 ರೂಪಾಯಿ. ಗೊಬ್ಬರ, ಆಳು, ಸೌದೆ, ಬ್ಯಾರನ್ ರಿಪೇರಿ, ಸಾಗಣೆ ಎಲ್ಲ ಸೇರಿ ಖರ್ಚು 2,10,000. ಉಳಿದದ್ದು 1,58,000. ಮನೆಖರ್ಚು, ಮಕ್ಕಳ ಓದು ಸೇರಿ ತಿಂಗಳಿಗೆ 12 ಸಾವಿರದಂತೆ ವರ್ಷಕ್ಕೆ 1,44,000. ಕೊನೆಗೆ 14 ಸಾವಿರ ಮಿಗಬೇಕು.

ಆದರೆ ಮಿಗುವುದಿಲ್ಲ. ಏಕೆಂದರೆ ಆ 2,10,000 ರೂಪಾಯಿ ಖರ್ಚು ಮಾಡಿದ್ದು ಸಾಲದ ಹಣದಲ್ಲಿ. ಅದರಲ್ಲಿ 1 ಲಕ್ಷ ಬ್ಯಾಂಕಿನ ಬೆಳೆಸಾಲ. ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲವನ್ನು ಗಡುವಿನೊಳಗೆ ಕಟ್ಟಿದರೆ ವರ್ಷಕ್ಕೆ ಶೇಕಡಾ 4ರ ಬಡ್ಡಿ ಬೀಳುತ್ತದೆ; ಏಳು ತಿಂಗಳಿಗೆ ಸುಮಾರು 2,300 ರೂಪಾಯಿ. ಇನ್ನುಳಿದ 1,10,000 ಕೈಸಾಲ. ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ ಏಳು ತಿಂಗಳಿಗೆ 23,100 ರೂಪಾಯಿ! ಎರಡೂ ಸಾಲದ ಮೊತ್ತ ಹೆಚ್ಚು ಕಡಿಮೆ ಒಂದೇ, ಬಡ್ಡಿ ಮಾತ್ರ ಹತ್ತರಷ್ಟು. ಎರಡನ್ನೂ ಕೂಡಿಸಿದರೆ 25,400. ಮಿಗಬೇಕಾದ 14 ಸಾವಿರ ಹೋಗಿ, ಮೇಲೆ 11,400 ರೂಪಾಯಿ ಕೊರತೆ. ಆ ಕೊರತೆ ಮುಂದಿನ ವರ್ಷದ ಕೈಸಾಲಕ್ಕೆ ಸೇರುತ್ತದೆ.

"ನೂರಕ್ಕೆ ಮೂರು ತಾನೆ" ಎಂದು ನಾವು ಹಗುರವಾಗಿ ಆಡುತ್ತೇವೆ. ಅದು ತಿಂಗಳ ಲೆಕ್ಕ. ವರ್ಷಕ್ಕೆ ನೂರಕ್ಕೆ ಮೂವತ್ತಾರು. ಯಾವ ಬೆಳೆಯೂ ಪ್ರತಿ ವರ್ಷ ಹಾಕಿದ ಬಂಡವಾಳದ ಮೇಲೆ ಅಷ್ಟನ್ನು ನಿಶ್ಚಯವಾಗಿ ಕೊಡುವುದಿಲ್ಲ. ಕೊಪ್ಪದ ಆ ಹಿರಿಯರ ಹಣ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಇಲ್ಲಿದೆ. ಅವರು ಸೋಮಾರಿಯೂ ಅಲ್ಲ, ದುಂದುಗಾರರೂ ಅಲ್ಲ. ಅವರ ದುಡಿಮೆಯ ಒಂದು ಭಾಗ ಹರಾಜಿಗೆ ಬರುವ ಮೊದಲೇ ಬೇರೆಯವರ ಪಾಲಾಗಿತ್ತು.

ಸಾಲ ಮನ್ನಾ ಆದರೂ ಸಾಲ ಏಕೆ ಮರಳಿತು?

ಸಾಲದಿಂದ ರೈತನನ್ನು ಬಿಡಿಸುವ ಪ್ರಯತ್ನ ಹೊಸದಲ್ಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ, 1976ರಲ್ಲಿ, ಕರ್ನಾಟಕ ಋಣಪರಿಹಾರ ಕಾಯ್ದೆ ಬಂದಿತು. ಸಣ್ಣ ರೈತರು, ಭೂಹೀನ ಕೂಲಿಗಾರರು ಖಾಸಗಿ ಲೇವಾದೇವಿಗಾರರಲ್ಲಿ ಮಾಡಿದ್ದ ಸಾಲ ತೀರಿತೆಂದು ಕಾನೂನೇ ಹೇಳಿತು. ಅಡವಿಟ್ಟ ಒಡವೆ, ಪಾತ್ರೆಗಳು ಮನೆಗೆ ಮರಳಬೇಕಾಯಿತು. ಆ ಕಾಲವನ್ನು ಕಂಡ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಆಮೇಲೆ 1990ರಲ್ಲಿ ಕೇಂದ್ರದ ಸಾಲ ಪರಿಹಾರ, 2008ರಲ್ಲಿ ಮತ್ತೊಮ್ಮೆ ಕೇಂದ್ರದ ಮನ್ನಾ, 2017 ಮತ್ತು 2018ರಲ್ಲಿ ರಾಜ್ಯ ಸರ್ಕಾರದ ಮನ್ನಾಗಳು ಬಂದವು.

ಪ್ರತಿ ಬಾರಿಯೂ ಎಷ್ಟೋ ಮನೆಗಳು ಉಸಿರಾಡಿದವು. ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ನಾಲ್ಕೈದು ವರ್ಷಗಳಲ್ಲಿ ಸಾಲ ಮರಳಿ ಬಂದಿತು. ಏಕೆಂದರೆ ಮನ್ನಾ ಹಳೆಯ ಲೆಕ್ಕವನ್ನು ಅಳಿಸುತ್ತದೆ. ಬೆಳೆಯ ಪಂಚಾಂಗವನ್ನು ಬದಲಿಸುವುದಿಲ್ಲ. ಮುಂದಿನ ಮೇ ತಿಂಗಳಲ್ಲಿ ಗೊಬ್ಬರಕ್ಕೆ ಹಣ ಬೇಕೇ ಬೇಕು. ಕೈಯಲ್ಲಿ ಇಲ್ಲದಿದ್ದರೆ ಮತ್ತೆ ಅದೇ ಬಾಗಿಲು.

ಬೆಲೆಯ ವಿಚಾರವೂ ಹೀಗೆಯೇ. ತಂಬಾಕು ಮಂಡಳಿ 1976ರಲ್ಲಿ ಸ್ಥಾಪನೆಯಾಯಿತು. ಮಂಡಳಿಯ ಹರಾಜು ಪದ್ಧತಿ ಕರ್ನಾಟಕದಲ್ಲಿ 1984ರಲ್ಲಿ ಆರಂಭವಾಯಿತು. ಅದಕ್ಕೂ ಮೊದಲು ವ್ಯಾಪಾರಿ ಹೇಳಿದ್ದೇ ದರ, ಕೊಟ್ಟಾಗಲೇ ಹಣ ಎಂಬ ಸ್ಥಿತಿ ಇತ್ತು. ಇಂದು ಹಣ ನೇರವಾಗಿ ಬ್ಯಾಂಕಿಗೆ ಬರುತ್ತದೆ; ಇದು ದೊಡ್ಡ ಉಪಕಾರ. ಆದರೆ ದರ ಹೇಳುವುದು ನಮ್ಮ ಕೈಯಲ್ಲಿಲ್ಲ. ಬ್ರೆಜಿಲ್, ಜಿಂಬಾಬ್ವೆಗಳಲ್ಲಿ ಬೆಳೆ ಕಡಿಮೆಯಾದರೆ ಕಂಪಲಾಪುರದಲ್ಲಿ ಬೆಲೆ ಏರುತ್ತದೆ. ಅಲ್ಲಿ ಬೆಳೆ ಹೆಚ್ಚಾದರೆ ಇಲ್ಲಿ ಇಳಿಯುತ್ತದೆ. 2015ರಲ್ಲಿ ಬೆಲೆ ಕುಸಿದಾಗ ನಮ್ಮ ಜಿಲ್ಲೆಯ ಹೊಗೆಸೊಪ್ಪು ಬೆಳೆಗಾರರ ಮನೆಗಳಲ್ಲಿ ಸಂಭವಿಸಿದ ಸಾವುಗಳನ್ನು ಯಾರೂ ಮರೆತಿಲ್ಲ. 2023-24ರ ಹರಾಜಿನಲ್ಲಿ ಕರ್ನಾಟಕದ ಸೊಪ್ಪಿನ ಸರಾಸರಿ ಬೆಲೆ ಕಿಲೋಗೆ 250 ರೂಪಾಯಿ ದಾಟಿತು. ಒಳ್ಳೆಯ ಬೆಲೆಯ ವರ್ಷ ಬರುತ್ತದೆ, ಹೋಗುತ್ತದೆ. ಆ ವರ್ಷದಲ್ಲಿ ಎತ್ತಿಟ್ಟದ್ದು ಮಾತ್ರ ಕೆಟ್ಟ ವರ್ಷದಲ್ಲಿ ಜೊತೆಗಿರುತ್ತದೆ.

ಒಂದು ಹಂಗಾಮು ಮುಂದಿರುವುದು ಹೇಗೆ?

ಮೊದಲನೆಯದು, ಬೇಲಿಗಿಷ್ಟು ಎತ್ತಿಡುವುದು. ಮೇಲಿನ ಮಾದರಿ ಕುಟುಂಬವನ್ನೇ ತೆಗೆದುಕೊಳ್ಳೋಣ. ಪ್ರತಿ ಬೇಲಿನ ಹಣದಲ್ಲಿ ನೂರಕ್ಕೆ ಹತ್ತರಂತೆ ಎತ್ತಿಟ್ಟರೆ ವರ್ಷಕ್ಕೆ 36,800 ರೂಪಾಯಿ. ಮೂರು ಹರಾಜಿಗೆ 1,10,400. ಅವರು ವರ್ಷ ವರ್ಷ ಮಾಡುತ್ತಿದ್ದ ಕೈಸಾಲ ಎಷ್ಟು? 1,10,000. ಮೂರು ವರ್ಷ ಬಿಡದೆ ನಡೆಸಿದರೆ ನಾಲ್ಕನೆಯ ಮುಂಗಾರಿಗೆ ಕೈಸಾಲ ಬೇಕಾಗುವುದಿಲ್ಲ. ಅಂದಿನಿಂದ ವರ್ಷಕ್ಕೆ 23 ಸಾವಿರ ರೂಪಾಯಿ ಬಡ್ಡಿ ಮನೆಯಲ್ಲೇ ಉಳಿಯುತ್ತದೆ. ಎಕರೆಗೆ ಇಳುವರಿ ಹೆಚ್ಚಿಸಿ ಈ ಹಣ ಗಳಿಸಬೇಕಾದರೆ ಎಷ್ಟು ಬೆವರು ಸುರಿಸಬೇಕೆಂದು ತಮಗೇ ಗೊತ್ತು.

ಎತ್ತಿಟ್ಟ ಹಣ ಪೆಟ್ಟಿಗೆಯಲ್ಲಿ ಇದ್ದರೆ ಉಳಿಯುವುದಿಲ್ಲ. ನಾದಿನಿಯ ಮದುವೆ, ನೆಂಟರ ಬೇಡಿಕೆ, ಹೊಸ ಬೈಕು ಇವೆಲ್ಲ ಪೆಟ್ಟಿಗೆಯ ವಾಸನೆ ಹಿಡಿದೇ ಬರುತ್ತವೆ. ಏಪ್ರಿಲ್ ಕೊನೆಗೆ ಕೈಗೆ ಬರುವಂತೆ ಬ್ಯಾಂಕಿನಲ್ಲಿ ಅವಧಿ ಠೇವಣಿ ಇಡಿ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿಯವರೆಗಿನ ಠೇವಣಿಗೆ 2020ರಿಂದ ವಿಮೆಯ ರಕ್ಷಣೆ ಇದೆ. ನೋಂದಣಿ ಇಲ್ಲದ ಚೀಟಿ, "ಆರು ತಿಂಗಳಲ್ಲಿ ಎರಡರಷ್ಟು" ಎನ್ನುವ ಕಂಪನಿ ಇವುಗಳ ಹತ್ತಿರ ಸುಳಿಯಬೇಡಿ.

ಎರಡನೆಯದು, ಅಡಿಗೆಮನೆಗೆ ಬೇರೆ ಆದಾಯ. ಮಾದರಿ ಕುಟುಂಬಕ್ಕೆ ಕೊರತೆಯೇ 11,400 ಇರುವಾಗ 36,800 ಎತ್ತಿಡುವುದು ಎಲ್ಲಿಂದ ಎಂದು ತಾವು ಕೇಳಬೇಕು, ನ್ಯಾಯವಾದ ಪ್ರಶ್ನೆ. ಎರಡೂ ಸೇರಿ 48,200 ಆಯಿತು. ಒಂದು ಒಳ್ಳೆಯ ಸೀಮೆಹಸು, ಮೇವು ಹಿಂಡಿಯ ಖರ್ಚು ಕಳೆದು, ಬತ್ತಿದ ತಿಂಗಳುಗಳನ್ನೂ ಸೇರಿಸಿ, ತಿಂಗಳಿಗೆ ಸರಾಸರಿ 3 ಸಾವಿರ ಉಳಿಸಿದರೆ ವರ್ಷಕ್ಕೆ 36 ಸಾವಿರ. ಪಿಎಂ ಕಿಸಾನ್ ಯೋಜನೆಯಲ್ಲಿ ಮೂರು ಕಂತಿನಲ್ಲಿ ಬರುವ 6 ಸಾವಿರ. ಮನೆಖರ್ಚಿನಲ್ಲಿ ತಿಂಗಳಿಗೆ 500 ರೂಪಾಯಿ ಹಿಡಿತ ಮಾಡಿದರೆ ಇನ್ನೊಂದು 6 ಸಾವಿರ. ಒಟ್ಟು 48 ಸಾವಿರ. ಹೆಚ್ಚು ಕಡಿಮೆ ಸರಿಹೋಯಿತು. ಮೊದಲ ವರ್ಷವೇ ಅತಿ ಕಷ್ಟದ ವರ್ಷ. ಎರಡನೆಯ ವರ್ಷ ಕೈಸಾಲ 36,800 ಕಡಿಮೆ ಮಾಡಿದ್ದರಿಂದ ಬಡ್ಡಿಯಲ್ಲೇ 7,700 ರೂಪಾಯಿ ಉಳಿದು ಭಾರ ಇಳಿಯುತ್ತದೆ.

ಹಾಲಿನ ಹಣದ ದೊಡ್ಡ ಗುಣ ಅದರ ಮೊತ್ತಕ್ಕಿಂತ ಅದು ಬರುವ ರೀತಿಯಲ್ಲಿದೆ. ಡೇರಿಯಿಂದ ವರ್ಷದುದ್ದಕ್ಕೂ ಬಟವಾಡೆ ಬರುತ್ತದೆ. ಅಂಗಡಿಯಲ್ಲಿ ಬರೆಸುವ ಅಭ್ಯಾಸ ತಪ್ಪಿಸಲು ಅದಕ್ಕಿಂತ ಒಳ್ಳೆಯ ಮದ್ದು ಇಲ್ಲ. ಹಾಗೆಂದು ಸಾಲ ಮಾಡಿ ನಾಲ್ಕು ಹಸು ಒಟ್ಟಿಗೇ ಕಟ್ಟಬೇಡಿ. ಮೊದಲು ಮೇವಿನ ತಾಕು, ಆಮೇಲೆ ಹಸು. ಹಸುವಿಗೆ ವಿಮೆ ಮಾಡಿಸುವುದನ್ನು ಮರೆಯಬೇಡಿ.

ಮೂರನೆಯದು, ಉಣ್ಣುವ ರಾಗಿ ಹೊಲದಲ್ಲೇ ಇರಲಿ. ಸೊಪ್ಪಿಗೆ ಬೆಲೆ ಬಂದ ವರ್ಷ ಬದುವಿನವರೆಗೂ ಸೊಪ್ಪು ನೆಡುವುದು, ಶುಂಠಿಗೆ ಬೆಲೆ ಬಂದರೆ ಇರುವ ನೆಲವನ್ನೆಲ್ಲ ಶುಂಠಿಗೆ ಕೊಡುವುದು ನಮ್ಮ ಸೀಮೆಯ ಚಾಳಿ. 2023ರಲ್ಲಿ ಶುಂಠಿಯ ಬೆಲೆ ಏರಿದ್ದನ್ನು ಕಂಡು ಮರುವರ್ಷ ಸಾಲ ಮಾಡಿ ಹಾಕಿದವರು ಬೆಲೆ ಇಳಿದು ಕೈ ಸುಟ್ಟುಕೊಂಡರು. ಪರವಾನಗಿಗಿಂತ ಹೆಚ್ಚು ಬೆಳೆದ ಸೊಪ್ಪಿಗೆ ದಂಡದ ಭಯ ಬೇರೆ. ಸೊಪ್ಪು ಮುರಿದ ಹೊಲದಲ್ಲಿ ಹಿಂಗಾರಿನ ಹದ ನೋಡಿ ರಾಗಿ, ಹುರುಳಿ, ಅವರೆ ಹಾಕಿದರೆ ಮನೆಗೆ ಕಾಳು, ದನಕ್ಕೆ ಮೇವು ಎರಡೂ ಆಗುತ್ತದೆ. ರಾಗಿ ಈಗ ಬಡವರ ಬೆಳೆಯಾಗಿ ಉಳಿದಿಲ್ಲ; 2025-26ರ ಹಂಗಾಮಿಗೆ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆ ಗೊತ್ತುಪಡಿಸಲಾಗಿತ್ತು. ವರ್ಷದ ರಾಗಿ ಕಣಜದಲ್ಲಿ ಇದ್ದರೆ ಬರಗಾಲದಲ್ಲೂ ಮನೆ ಅಲುಗಾಡುವುದಿಲ್ಲ.

ನಾಲ್ಕನೆಯದು, ದುಬಾರಿ ಸಾಲ ಮೊದಲು, ಅಗ್ಗದ ಸಾಲ ಗಡುವಿಗೆ. ಬ್ಯಾಂಕಿನ ಬೆಳೆಸಾಲವನ್ನು ಗಡುವು ಮೀರಿಸಿದರೆ ಬಡ್ಡಿಯ ರಿಯಾಯಿತಿ ತಪ್ಪಿಹೋಗುತ್ತದೆ. ಅದನ್ನು ತಪ್ಪದೆ ಕಟ್ಟಿ ಮತ್ತೆ ಪಡೆಯಿರಿ. ಗಡುವು ಮೀರದಂತೆ ನೋಡಿಕೊಂಡು ಮಿಕ್ಕ ಹಣವನ್ನೆಲ್ಲ ಹೆಚ್ಚು ಬಡ್ಡಿಯ ಕೈಸಾಲಕ್ಕೆ ಹಾಕಿ. ಸಹಕಾರ ಸಂಘದಲ್ಲಿ ಸದಸ್ಯರಲ್ಲದವರು ಮೊದಲು ಸದಸ್ಯರಾಗಿ. ಸಂಘಗಳ ಮೂಲಕ ಸಿಗುವ ಬಡ್ಡಿರಹಿತ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಎಲ್ಲರಿಗೂ ಅಷ್ಟು ಸಿಗದಿರಬಹುದು, ಸಂಘದ ಶಕ್ತಿಯ ಮೇಲೆ ಅದು ನಿಂತಿದೆ. ಆದರೆ ಅಲ್ಲಿ ಸಿಗುವ ಪ್ರತಿ ಹತ್ತು ಸಾವಿರವೂ ಕೈಸಾಲದ ಬಡ್ಡಿಯಲ್ಲಿ ಏಳು ತಿಂಗಳಿಗೆ 2,100 ರೂಪಾಯಿ ಉಳಿಸಿಕೊಡುತ್ತದೆ. ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು ನಮ್ಮ ನಾಡಿನಲ್ಲೇ, ಗದಗ ಬಳಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ, 1905ರಲ್ಲಿ. ಸಾಹುಕಾರನ ಬಾಗಿಲು ತಪ್ಪಿಸಲೆಂದೇ ಅದು ಹುಟ್ಟಿತು. ಆ ಕೆಲಸ ಇನ್ನೂ ಮುಗಿದಿಲ್ಲ.

ವಾರದ ಕಂತಿನ ಸಾಲದ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಊರೂರಿಗೆ ಬಂದು ಗುಂಪು ಕಟ್ಟಿ ಹೆಣ್ಣುಮಕ್ಕಳ ಹೆಸರಿನಲ್ಲಿ ಕೊಡುವ ಸಣ್ಣ ಸಾಲ ಕೆಲವರಿಗೆ ಉಪಕಾರಿಯಾಗಿದೆ. ಹಾಲು ಹಾಕುವವರಿಗೆ, ಸಣ್ಣ ಅಂಗಡಿ ಇಟ್ಟವರಿಗೆ ವಾರ ವಾರ ಹಣ ಬರುತ್ತದೆ. ವಾರದ ಕಂತು ಹೊಂದುತ್ತದೆ. ಅಕ್ಟೋಬರಿನಲ್ಲಿ ಹಣ ಕಾಣುವ ಹೊಗೆಸೊಪ್ಪಿನ ಮನೆ ಜೂನಿನಲ್ಲಿ ವಾರದ ಕಂತು ಎಲ್ಲಿಂದ ಕಟ್ಟೀತು? ಒಂದರ ಕಂತಿಗೆ ಇನ್ನೊಂದರಲ್ಲಿ ಸಾಲ, ಅದಕ್ಕೆ ಮತ್ತೊಂದು. ಕುಟುಂಬದ ಎಲ್ಲ ಸಾಲದ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಇಂಥ ಸಾಲ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಮನೆ ಮುಂದೆ ನಿಂತು ಅವಮಾನ ಮಾಡುವ, ಬೆದರಿಸುವ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಅಂಥ ಕಿರುಕುಳ ಬಂದರೆ ಮರೆಮಾಚದೆ ಪೊಲೀಸ್ ಠಾಣೆಗೆ ದೂರು ಕೊಡಿ. ನಾಚಿಕೆಪಡಬೇಕಾದವರು ತಾವಲ್ಲ.

ಐದನೆಯದು, ಕಾಯಿಲೆಗೆ ಬೇಲಿ. ಎಷ್ಟು ಜೋಪಾನವಾಗಿ ಕೂಡಿಟ್ಟ ಹಣವೂ ಒಂದು ಆಸ್ಪತ್ರೆಯ ಬಿಲ್ಲಿಗೆ ಕರಗುತ್ತದೆ. ಬಿಪಿಎಲ್ ಕಾರ್ಡಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಯ ಅವಕಾಶವಿದೆ. ಸಹಕಾರ ಸಂಘಗಳ ಸದಸ್ಯರಿಗೆಂದು 2003ರಲ್ಲಿ ಆರಂಭವಾಗಿ, ನಡುವೆ ನಿಂತುಹೋಗಿ, 2022-23ರಲ್ಲಿ ಮತ್ತೆ ಜಾರಿಗೆ ಬಂದ ಯಶಸ್ವಿನಿ ಯೋಜನೆಯ ನೋಂದಣಿ ದಿನಗಳನ್ನು ಸಂಘದಲ್ಲಿ ವಿಚಾರಿಸಿಕೊಳ್ಳಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆ ಇವೆ. ಎರಡರಲ್ಲೂ 2 ಲಕ್ಷದ ರಕ್ಷಣೆ. ಬ್ಯಾರನ್ ಮೇಲೆ ಹತ್ತಿ ಇಳಿಯುವವರಿಗೆ, ರಾತ್ರಿಯೆಲ್ಲ ಬೆಂಕಿ ನೋಡಿಕೊಳ್ಳುವವರಿಗೆ ಈ 456 ರೂಪಾಯಿ ಹೆಚ್ಚಿನ ಖರ್ಚಲ್ಲ.

ಕಣ್ಣೆದುರಿನ ಪಾಠ

ಇಂಥ ಮಾತು ಪುಸ್ತಕದ್ದೆಂದು ಕಾಣಬಹುದು. ಕೊಪ್ಪದ ಹತ್ತಿರದಲ್ಲೇ ಇರುವ ಬೈಲುಕುಪ್ಪೆಯನ್ನು ನೋಡೋಣ. 1960ರ ದಶಕದ ಆರಂಭದಲ್ಲಿ ಟಿಬೆಟ್ಟಿನಿಂದ ಬರಿಗೈಯಲ್ಲಿ ಬಂದವರಿಗೆ ಅಲ್ಲಿ ನೆಲ ಕೊಡಲಾಯಿತು. ಮಳೆಗಾಲದಲ್ಲಿ ಮುಸುಕಿನ ಜೋಳ ಬೆಳೆದ ಅವರಲ್ಲಿ ಅನೇಕರು ಚಳಿಗಾಲ ಬಂದೊಡನೆ ದೂರದೂರದ ಪಟ್ಟಣಗಳಿಗೆ ಹೋಗಿ ಸ್ವೆಟರ್ ವ್ಯಾಪಾರ ಮಾಡಿದರು. ಒಂದು ಮಳೆಯ ಆದಾಯ, ಒಂದು ಚಳಿಯ ಆದಾಯ. ಎರಡೂ ಒಂದೇ ವರ್ಷ ಒಟ್ಟಿಗೆ ಕೈಕೊಡುವುದು ಅಪರೂಪ. ನಾವು ಸ್ವೆಟರ್ ಮಾರಬೇಕಾಗಿಲ್ಲ, ಆದರೆ ಒಂದೇ ಕಂಬಕ್ಕೆ ಮನೆಯ ಭಾರವೆಲ್ಲ ಹೊರಿಸಬಾರದು ಎಂಬುದನ್ನು ಅವರಿಂದ ಕಲಿಯಬಹುದು.

ನೆಲವಿಲ್ಲದ ಕೂಲಿಕಾರ ಬಂಧುಗಳ ಕಷ್ಟ ಇನ್ನೂ ಬಿಗಿಯಾದದ್ದು. ಹೊಳೆ ದಾಟಿ ಕುಶಾಲನಗರದಾಚೆ ಕೊಡಗಿನ ತೋಟಗಳಿಗೆ ಕಾಫಿ ಕೊಯ್ಲಿಗೆ ಹೋಗುವವರು ಬಟವಾಡೆಯಿಂದ ಬಟವಾಡೆಗೆ ಬದುಕುತ್ತಾರೆ. ಅವರಿಗೆ ಒಂದು ಹಂಗಾಮಿನ ಮಾತು ದೂರದ್ದು. ಅವರು ಮೊದಲು ಒಂದು ವಾರ ಮುಂದಿರಲಿ. ಕೊಯ್ಲಿನ ಮೂರು ತಿಂಗಳಲ್ಲಿ ವಾರಕ್ಕೆ 200 ರೂಪಾಯಿಯಂತೆ ಹೆಂಗಸರ ಸಂಘದಲ್ಲೋ ಅಂಚೆ ಕಚೇರಿಯಲ್ಲೋ ಕಟ್ಟಿದರೆ ಎರಡೂವರೆ ಸಾವಿರದಷ್ಟಾಗುತ್ತದೆ. ಕೆಲಸವಿಲ್ಲದ ಒಂದು ವಾರ ಮೇಸ್ತ್ರಿಯ ಮುಂಗಡಕ್ಕೆ ಕೈಚಾಚದೆ ಇರಲು ಅಷ್ಟು ಸಾಕು. ಮುಂಗಡ ಪಡೆಯದವನಿಗೆ ಕೂಲಿ ಕೇಳುವ ಧೈರ್ಯ ಬರುತ್ತದೆ.

ಕೃಷ್ಣರಾಜನಗರದ ನಾಲೆಯ ಕೆಳಗೆ ಭತ್ತ ಬೆಳೆಯುವವರು, ಹೆಗ್ಗಡದೇವನಕೋಟೆಯಲ್ಲಿ ಹತ್ತಿ ಹಾಕುವವರು ಇದು ಹೊಗೆಸೊಪ್ಪಿನವರ ಕತೆ ಎಂದು ಪುಟ ತಿರುವಬೇಡಿ. ತಿಂಗಳುಗಳ ಹೆಸರು ಬದಲಾಗುತ್ತದೆ, ಲೆಕ್ಕದ ಹಾದಿ ಒಂದೇ.

ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?

ಇವೆಲ್ಲಕ್ಕೂ ತಳಪಾಯ ಒಂದು ಇಪ್ಪತ್ತು ರೂಪಾಯಿಯ ನೋಟು ಪುಸ್ತಕ. ಹನ್ನೆರಡು ಹಾಳೆ, ಹನ್ನೆರಡು ತಿಂಗಳು. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಕೊನೆಯ ಹಾಳೆಯಲ್ಲಿ ಯಾರಿಗೆ ಎಷ್ಟು ಸಾಲ, ಯಾವ ಬಡ್ಡಿ, ಯಾವ ಗಡುವು. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳೋ ಮಗನೋ ಇದ್ದರೆ ಅವರ ಕೈಯಲ್ಲಿ ಬರೆಸಿ. ಆದರೆ ಪುಸ್ತಕ ಮನೆಯಾಕೆಯ ಬಳಿ ಇರಲಿ. ಅಕ್ಕಿ ಎಂದು ಮುಗಿಯುತ್ತದೆ, ಶುಲ್ಕ ಎಂದು ಕಟ್ಟಬೇಕು ಎಂಬುದು ಆಕೆಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಮನೆಯೊಡತಿಯ ಖಾತೆಗೆ ತಿಂಗಳಿಗೆ 2 ಸಾವಿರ ಹಾಕುವ ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟಿನಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ಮೇಲಿನ ಲೆಕ್ಕದಲ್ಲಿ ಆ ಹಣವನ್ನು ನಾನು ಬೇಕೆಂದೇ ಸೇರಿಸಲಿಲ್ಲ. ಅದು ಆಕೆಯದು. ಸೊಪ್ಪಿನ ಗೊಬ್ಬರಕ್ಕೆಂದು ಅದರ ಮೇಲೆ ಕಣ್ಣು ಹಾಕುವುದು ಬೇಡ.

ಕೈಸಾಲದ ವಿಚಾರವನ್ನು ಮನೆಯವರಿಂದ ಮುಚ್ಚಿಡುವ ಗಂಡಸರೇ ನಮ್ಮಲ್ಲಿ ಹೆಚ್ಚು. ಮುಚ್ಚಿಟ್ಟ ಸಾಲ ಬಡ್ಡಿಯೊಂದಿಗೆ ಎದೆಯ ಭಾರವನ್ನೂ ಬೆಳೆಸುತ್ತದೆ. 2015ರ ಆ ದಿನಗಳಲ್ಲಿ ಕೆಲವು ಮನೆಗಳಿಗೆ ನಾನೂ ಹೋಗಿದ್ದೆ. ಸಾಲ ಇಷ್ಟಿತ್ತೆಂದು ತಮಗೆ ಗೊತ್ತೇ ಇರಲಿಲ್ಲವೆಂದು ಮನೆಯವರು ಅಳುತ್ತಿದ್ದುದನ್ನು ಕಂಡಿದ್ದೇನೆ. ಗೊತ್ತಿದ್ದರೆ ಓಲೆ ಮಾರುತ್ತಿದ್ದೆ, ಮನುಷ್ಯ ಉಳಿಯುತ್ತಿದ್ದ ಎಂದ ತಾಯಿಯೊಬ್ಬರ ಮಾತು ಈಗಲೂ ಕಿವಿಯಲ್ಲಿದೆ. ಆದ್ದರಿಂದ ಈ ಹರಾಜಿಗೆ ಮೊದಲ ಬೇಲು ಹೊರಡುವ ಮುನ್ನ ಒಂದು ಸಂಜೆ ಎಲ್ಲರೂ ಕುಳಿತು ಕೊನೆಯ ಹಾಳೆಯನ್ನು ಬರೆಯಿರಿ. ಅಂಕಿ ದೊಡ್ಡದಿರಬಹುದು. ಬರೆದ ಅಂಕಿ ಬರೆಯದ ಅಂಕಿಯಷ್ಟು ಹೆದರಿಸುವುದಿಲ್ಲ.

ಹನಿಗೂಡಿದರೆ ಹಳ್ಳ ಎಂಬುದು ಎಲ್ಲರೂ ಬಲ್ಲ ಮಾತು. ಹಳ್ಳ ತುಂಬಲು ಮೂರು ಮಳೆಗಾಲ ಬೇಕಾಗುತ್ತದೆ ಎಂಬುದನ್ನೂ ಬಲ್ಲೆವು. ಮುಂದಿನ ಬೇಸಿಗೆಯಲ್ಲಿ ಸಸಿಮಡಿಯ ಮಾತಿಗೆ ಮತ್ತೆ ಕೊಪ್ಪಕ್ಕೆ ಹೋಗುವುದಿದೆ. ಆ ಹಿರಿಯರಿಗೆ ಒಂದು ನೋಟು ಪುಸ್ತಕ ಕೊಟ್ಟು ಬಂದಿದ್ದೇನೆ. ಎಷ್ಟು ಹಾಳೆ ತುಂಬಿದೆ ಎಂದು ಕೇಳಬೇಕೆಂದಿದ್ದೇನೆ. ಓದುಗ ಬಂಧುಗಳು ತಮ್ಮ ತಮ್ಮ ಊರಿನ ವಾಚನಾಲಯದಲ್ಲಿ ಇದನ್ನು ಓದಿ ಮುಗಿಸಿದ ಮೇಲೆ ಪಕ್ಕದಲ್ಲಿ ಕುಳಿತವರೊಡನೆ ಬಡ್ಡಿಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ ಎಂದು ವಿನಂತಿ.